ಇನ್ನೂರು ಸಲ ಚಿಮ್ಮದ ನಾಣ್ಯ

ಜೂನ್ ೬

ಚಿಟಿಕೆಗೆ ನಿನ್ನ ಮಾವನ ಆಶೀರ್ವಾದ, ಅದರ ಬೆನ್ನಿಗೇ ಒಂದಿಷ್ಟು ಸಿಟ್ಟು.

ಕಾಗದ ಬಂತು. ಫೋನಿದ್ದರೂ ಕಾಗದವೇ ಬರಿ ಅಂತ ಹೇಳಿದವನು ನಾನೇ, ಒಪ್ಪಿದೆ. ಫೋನಿನಲ್ಲಾದರೆ "ಹೂಂ ಮಾವ, ಹೂಂ ಮಾವ" ಅಂದು ಇಟ್ಟುಬಿಡ್ತೀಯ. ಕಾಗದದಲ್ಲಿ ಹಾಗೆ ಜಾರಿಕೊಳ್ಳೋಕಾಗಲ್ಲ. ಆದರೆ ನೀನು ಬರೆದಿರೋದು ಮಾವನಿಗೋ, ನಿಮ್ಮ ಲೆಕ್ಕದ ಮೇಡಂ ಅವರ ಗುಣಗಾನಕ್ಕೋ? ಎಣಿಸಿ ನೋಡಿದೆ. ಮೇಡಂ ಹದಿನಾಲ್ಕು ಸಲ ಬಂದಿದ್ದಾರೆ. ಮಾವ ಬಂದಿರೋದು ಎರಡು ಸಲ, ಅದರಲ್ಲೊಂದು ಲಕೋಟೆಯ ಮೇಲೆ. ಮೇಡಂ ಹೀಗೆ ಬಿಡಿಸ್ತಾರೆ, ಮೇಡಂ ಹಾಗೆ ನಗ್ತಾರೆ, ಮೇಡಂ ಸೀಮೆಸುಣ್ಣ ಹಿಡಿಯೋದೇ ಚೆಂದ. ಸೀಮೆಸುಣ್ಣ ಹಿಡಿಯೋದರಲ್ಲಿ ಚೆಂದ ಏನಮ್ಮಾ ಬಂತು? ನಾನು ಇಟ್ಟಿಗೆ ಚೂರು ಹಿಡಿದು ನೆಲದ ಮೇಲೆ ಗೀಚಿ ಕಲಿಸಿದೆನಲ್ಲ, ಅದು ಚೆಂದ ಕಾಣಲಿಲ್ಲವೇನು?

ಮರೆತಿದ್ದರೆ ಜ್ಞಾಪಿಸ್ತೀನಿ. ನಿನಗೆ ಲೆಕ್ಕ ಕಲಿಸಿದ್ದು ನಾನು. ನಮ್ಮ ಮನೆ ಮೆಟ್ಟಿಲ ಮೇಲೆ, ಬಾಟಲಿ ಮುಚ್ಚಳ ಹರಡಿಕೊಂಡು. ಚಿಟಿಕೆ ಹೊಡೆಯೋಷ್ಟರಲ್ಲಿ ಉತ್ತರ ಹೇಳ್ತಿದ್ದೆ ಅಂತ ನಿನಗೆ ಆ ಹೆಸರಿಟ್ಟವನೂ ನಾನೇ. ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿಗೆ ಪುಸ್ತಕ ಮುಚ್ಚಿದವನು ಇವತ್ತು ಬಾಟಲಿ ಕಾರ್ಖಾನೆಯಲ್ಲಿ ಬಿಳಿ ದೀಪದ ಮುಂದೆ ಕೂತರೆ, ಬೆಲ್ಟಿನ ಮೇಲೆ ಓಡೋ ಬಾಟಲಿಗಳಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಹೆಕ್ಕಿ ಪಕ್ಕಕ್ಕಿಡ್ತೀನಿ. ಮ್ಯಾನೇಜರು ಬಂದು ಬೆನ್ನ ಹಿಂದೆ ನಿಂತು ನೋಡ್ತಾರೆ, ತಲೆ ಅಲ್ಲಾಡಿಸ್ತಾರೆ, ಹೋಗ್ತಾರೆ. ಅದು ಮೆಚ್ಚುಗೆ.

ಹೋದ ವರ್ಷ ಲ್ಯಾಬ್ ತರಬೇತಿಯ ಪ್ರವೇಶ ಪರೀಕ್ಷೆಯಲ್ಲಿ ನೀನು ನಪಾಸಾದದ್ದು ನನ್ನ ಪಾಠದಿಂದಲೇ ಅಂತ ನಿನ್ನಮ್ಮ ಸಿಕ್ಕವರಿಗೆಲ್ಲ ಹೇಳಿಕೊಂಡು ಬರ್ತಿದ್ದಾಳೆ. ಅಕ್ಕನ ಬಾಯಿ ನನಗೆ ಹೊಸದಲ್ಲ. ಪರೀಕ್ಷೆ ಕೋಣೆಯ ಫ್ಯಾನು ಕಿರುಗುಟ್ಟುತ್ತಿತ್ತು ಅಂತ ನೀನೇ ಹೇಳಿದ್ದೆ. ಫ್ಯಾನಿಗೆ ಅವರು ಎಣ್ಣೆ ಬಿಡದಿದ್ದರೆ ನಾನೇನು ಮಾಡಲಿ? ಆದರೂ ಇದು ಎರಡನೇ ಸಲ, ಮೂರನೇ ಸಲ ಕೂರಿಸಲ್ಲ ಅಂತಾರೆ. ಅದಕ್ಕೇ ನೀನು ಆ ಮರುಪಾಠದ ಕ್ಲಾಸಿಗೆ ಸೇರಿದ್ದು. ಸೇರು. ಬೇಡ ಅಂದೆನಾ?

ಆದರೆ ತಪ್ಪು ಕಲಿತು ಬಂದರೆ ಸುಮ್ಮನಿರಲ್ಲ. ನಾಣ್ಯ ಸಾಲಾಗಿ ಐದು ಸಲ ಹೆಡ್ಡು ಬಿದ್ದಿದೆ, ಆರನೇ ಸಲ ಹೆಡ್ಡು ಬೀಳೋ ಸಂಭವ ಎಷ್ಟು ಅಂದರೆ ನಿಮ್ಮ ಮೇಡಂ ಅರ್ಧ ಅಂದರಂತೆ. ಅರ್ಧವಂತೆ! ಐದು ಹೆಡ್ಡಾದ ಮೇಲೆ ಟೇಲಿನ ಸರದಿ ಬಂದಿದೆ ಅಂತ ತೊಟ್ಟಿಲ ಕೂಸಿಗೂ ಗೊತ್ತು. ಬೆಲ್ಟಿನ ಮೇಲೆ ಬಹಳ ಹೊತ್ತು ಒಳ್ಳೇ ಬಾಟಲಿಗಳೇ ಬಂದರೆ ನಾನು ಬೆನ್ನು ನೆಟ್ಟಗೆ ಮಾಡಿ ಕೂರ್ತೀನಿ. ಈಗ ಒಡಕಿನ ಸರದಿ. ಬಂದೇ ಬರುತ್ತೆ. ಸರದಿ ಅನ್ನೋದು ಲೋಕದ ನಿಯಮ. ಟೆಸ್ಟಿನಲ್ಲಿ ಅದನ್ನೇ ಬರಿ, ಮೇಡಂ ಮುಖ ಹೇಗಾಯ್ತು ತಿಳಿಸು.

ನಿನ್ನ ಮೊದಲ ಗುರು,
ಮಾವ

ಜೂನ್ ೧೭

ಮಾವನಿಗೆ ನಮಸ್ಕಾರ.

ಮಾವ, ಮಾವ, ಮಾವ. ಈಗ ಲೆಕ್ಕ ಸರಿಹೋಯ್ತಾ? ಮುಂದೆ ಮೇಡಂ ಬರ್ತಾರೆ, ಬಯ್ಯಬೇಡ.

ನಮ್ಮ ಕ್ಲಾಸಿರೋದು ಕುರ್ಚಿ ಮೇಜು ಮಾರೋ ಅಂಗಡಿಯ ಮಹಡಿ ಮೇಲೆ. ಕೆಳಗೆ ಮರ ಉಜ್ಜೋ ಸದ್ದು, ಮೇಲೆಲ್ಲ ವಾರ್ನಿಷ್ ವಾಸನೆ. ನನ್ನ ಪಕ್ಕ ಒಬ್ಬ ದರ್ಜಿ, ಮುಂದೆ ಇಬ್ಬರು ಮಕ್ಕಳ ತಾಯಿ, ಹಿಂದೆ ಒಬ್ಬ ಲಾರಿ ಡ್ರೈವರ್. ಎಲ್ಲರೂ ಶಾಲೆ ಬಿಟ್ಟು ಎಷ್ಟೋ ಕಾಲವಾದವರು. ಬೆಳಿಗ್ಗೆ ಭಿನ್ನರಾಶಿ, ಶೇಕಡಾ, ಸರಾಸರಿ. ಮಧ್ಯಾಹ್ನ ಕಂಪ್ಯೂಟರ್, ಒಂದಕ್ಕೆ ಇಬ್ಬಿಬ್ಬರು. ಮೊದಲ ದಿನ ಡ್ರೈವರಣ್ಣ ಮೌಸನ್ನ ತಳ್ಳಿಕೊಂಡು ತಳ್ಳಿಕೊಂಡು ಮೇಜಿನ ಅಂಚಿಗೆ ತಂದು, "ರೋಡು ಮುಗೀತು ಮೇಡಂ" ಅಂದ. ಮೇಡಂ ಅದನ್ನ ಎತ್ತಿ ಮಧ್ಯಕ್ಕಿಟ್ಟು, "ಎತ್ತಿಟ್ಟುಕೊಂಡು ಮುಂದೆ ಹೋಗಿ, ಇದು ಲಾರಿ ಅಲ್ಲ" ಅಂದರು.

ಮಾವ, ಹೇಗೆ ಹೇಳಲಿ. ವಾರದ ಟೆಸ್ಟಿನಲ್ಲಿ ನಿನ್ನ ಎರಡು ಲೆಕ್ಕ ಬರೆದೆ, ಎರಡೂ ತಪ್ಪಾದವು. "ಶೇಕಡಾ ಇಪ್ಪತ್ತು ಏರಿ ಶೇಕಡಾ ಇಪ್ಪತ್ತು ಇಳಿದರೆ ಇದ್ದಲ್ಲಿಗೇ ಬರುತ್ತೆ" ಅಂತ ಕಲಿಸಿದ್ದೆಯಲ್ಲ, ಬರಲ್ಲ. ನೂರು ಬಾಟಲಿ ನೂರಿಪ್ಪತ್ತಾಗುತ್ತೆ. ಆಮೇಲೆ ಇಳಿಯೋದು ನೂರಿಪ್ಪತ್ತರಲ್ಲಿ ಶೇಕಡಾ ಇಪ್ಪತ್ತು, ಅಂದರೆ ಇಪ್ಪತ್ನಾಲ್ಕು. ಉಳಿಯೋದು ತೊಂಬತ್ತಾರು.

ಇನ್ನೊಂದು ಸರದಿಯದು. ಮೇಡಂ ಗದರಲಿಲ್ಲ. "ಇದನ್ನ ಯಾರು ಹೇಳಿಕೊಟ್ಟಿದ್ದು?" ಅಂದರು. "ನಮ್ಮ ಮಾವ" ಅಂದೆ. "ಹಾಗಾದರೆ ಅವರನ್ನೇ ಕೇಳೋಣ. ಒಂದು ನಾಣ್ಯ ಇನ್ನೂರು ಸಲ ಚಿಮ್ಮಿ, ಬಿದ್ದದ್ದನ್ನ ಬಿದ್ದ ಹಾಗೇ ಸಾಲಾಗಿ ಬರೆದು ಕಳಿಸಲಿ. ನಾವು ಕಂಪ್ಯೂಟರಿಗೆ ತುಂಬಿಸಿ ನೋಡೋಣ" ಅಂದರು. ಕ್ಲಾಸಿಗೆ ಕ್ಲಾಸೇ ಕಾಯ್ತಿದೆ ಮಾವ. ಕಳಿಸ್ತೀಯಾ?

ನಿನ್ನ,
ಚಿಟಿಕೆ

ಜೂನ್ ೨೬

ಚಿಟಿಕೆಗೆ ಆಶೀರ್ವಾದ.

ತೊಂಬತ್ತಾರಾದರೆ ಉಳಿದ ನಾಲ್ಕು ಬಾಟಲಿ ಯಾರು ಹೊತ್ತುಕೊಂಡು ಹೋದರು? ಅದನ್ನ ಮೇಡಂ ಹೇಳಲಿಲ್ಲವಲ್ಲ. ಇರಲಿ.

ಇದರ ಜೊತೆ ಇನ್ನೂರು ಚಿಮ್ಮಿನ ಹಾಳೆ ಇಟ್ಟಿದ್ದೀನಿ. ಭಾನುವಾರ ಪೂರ್ತಿ ಅದೇ ಕೆಲಸ. ಹೆಬ್ಬೆರಳು ಊದಿ ಬದನೆಕಾಯಿ ಆಗಿದೆ. ನಾಣ್ಯ ಮಂಚದ ಕೆಳಗೆ ಉರುಳಿದಾಗೆಲ್ಲ ನಿನ್ನ ಅತ್ತೆ ಪೊರಕೆ ತಗೊಂಡು ಬಂದಳು, ನಾಣ್ಯಕ್ಕೋ ನನಗೋ ಗೊತ್ತಾಗಲಿಲ್ಲ. ಫಲಿತಾಂಶ ನೋಡು. ಹೆಡ್ಡು ನೂರು, ಟೇಲು ನೂರು! ಒಂದು ಕಡೆ ಕೂದಲಷ್ಟೂ ವಾಲಿಲ್ಲ. ಎಲ್ಲೂ ಒಂದೇ ಮುಖ ಮೂರಕ್ಕಿಂತ ಹೆಚ್ಚು ಸಾಲಾಗಿ ಬಂದಿಲ್ಲ. ಮೂರು ಹೆಡ್ಡಾಯ್ತೋ, ನಾಲ್ಕನೇದು ಟೇಲು ಬಂದು ಕೈಮುಗಿದು ನಿಂತಿದೆ. ಇದಕ್ಕೇ ನಾನು ಸರದಿ ಅನ್ನೋದು.

ನಿಮ್ಮ ಕಂಪ್ಯೂಟರಿಗೂ ತುಂಬಿಸಿ ನೋಡಿ. ಡ್ರೈವರಣ್ಣನಿಗೂ ದರ್ಜಿಗೂ ಓದಿ ಹೇಳು. ಮೇಡಂಗೆ ಬೇಜಾರಾಗೋದು ಬೇಡ, ಎಲ್ಲರಿಗೂ ಎಲ್ಲ ಗೊತ್ತಿರಲ್ಲ ಅಂತ ನಾನು ಹೇಳಿದೆ ಅನ್ನು. ಮತ್ತೆ ಅವರು ಹಾಳೆ ನೋಡಿ ಏನಂದರು, ಅಕ್ಷರ ಬಿಡದೆ ಬರೀಬೇಕು.

ಗೆದ್ದ
ಮಾವ

ಜುಲೈ ೫

ಮಾವನಿಗೆ,

ಅಕ್ಷರ ಬಿಡದೆ ಬರಿ ಅಂದಿದ್ದೆ. ಮೇಡಂ ಅಂದದ್ದು ಇದು: "ನಿಮ್ಮ ಮಾವ ನಾಣ್ಯ ಮುಟ್ಟೇ ಇಲ್ಲ."

ಹಾಳೆ ಕೈಗೆ ತಗೊಂಡವರು ಪೂರ್ತಿ ಓದಲೂ ಇಲ್ಲ, ಮೇಲಿಂದ ಕೆಳಗೆ ಒಂದು ಸಲ ಕಣ್ಣಾಡಿಸಿದರು ಅಷ್ಟೇ. ಹೇಗೆ ಗೊತ್ತಾಯ್ತು ಅಂತ ದರ್ಜಿಯಣ್ಣ ಕೇಳಿದ. ನಿಜವಾಗಿ ಇನ್ನೂರು ಸಲ ಚಿಮ್ಮಿದರೆ ಎಲ್ಲೋ ಒಂದು ಕಡೆ ಒಂದೇ ಮುಖ ಸಾಲಾಗಿ ಐದು ಸಲ, ಆರು ಸಲ ಬಿದ್ದೇ ಬೀಳುತ್ತಂತೆ, ಬೀಳದೇ ಇರೋದೇ ಅಪರೂಪವಂತೆ. ಕೂತು ಕಲ್ಪಿಸಿ ಬರೆಯೋರು ಮಾತ್ರ ಅಷ್ಟು ಉದ್ದ ಬಿಡಲ್ಲ. ಮೂರಾಗುತ್ತಲೇ ಕೈ ಹೆದರುತ್ತೆ, ಇನ್ನೊಂದು ಮುಖ ಬರೆದುಬಿಡುತ್ತೆ. ಆಮೇಲೆ ನಮ್ಮನ್ನೆಲ್ಲ ನಾಣ್ಯ ಚಿಮ್ಮೋಕೆ ಕೂರಿಸಿದರು. ಒಂದು ಅಂಕಣದಲ್ಲಿ ನಮ್ಮದು, ಪಕ್ಕದಲ್ಲಿ ನಿನ್ನದು. ಹೆಡ್ಡಿಗೆ ಕೆಂಪು, ಟೇಲಿಗೆ ನೀಲಿ. ನಮ್ಮದು ಎಲ್ಲೆಂದರಲ್ಲಿ ಉದ್ದುದ್ದ ಪಟ್ಟೆ. ನಿನ್ನದು ಚೌಕುಳಿ ಬಟ್ಟೆ ಥರ ಒಪ್ಪವಾಗಿತ್ತು. ಎಲ್ಲರೂ ನಕ್ಕರು.

ನಾನೂ ನಕ್ಕೆ ಮಾವ. ಮಧ್ಯಾಹ್ನ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಾಗ ಅಳು ಬಂತು. ನಕ್ಕಿದ್ದಕ್ಕೋ, ನೀನು ಹೆಬ್ಬೆರಳು ಊದಿದೆ ಅಂತ ಬರೆದದ್ದಕ್ಕೋ, ತಿಳಿಯಲಿಲ್ಲ.

ಪರೀಕ್ಷೆ ಆಗಸ್ಟ್ ಎರಡಕ್ಕೆ. ಅಲ್ಲಿವರೆಗೆ ನನಗೆ ಲೆಕ್ಕ ಕಳಿಸಬೇಡ.

ಚಿಟಿಕೆ

ಜುಲೈ ೧೧

ಮರುಪಾಠದ ಮೇಡಂ ಅವರಿಗೆ,

ನಾನು ಚಿಟಿಕೆಯ ಸೋದರಮಾವ. ನಿಮ್ಮ ಕ್ಲಾಸಿನವರು ನೋಡಿ ನಕ್ಕ ಹಾಳೆಯ ಮಾಲೀಕ.

ಕ್ಷೇಮ ಸಮಾಚಾರ ಕೇಳೋಕೆ ಬರೀತಿಲ್ಲ. ನಾಣ್ಯ ಮುಟ್ಟೇ ಇಲ್ಲ ಅಂದಿರಂತೆ. ಮುಟ್ಟಿದ್ದೆ. ಮುಟ್ಟಿ ಪಕ್ಕಕ್ಕಿಟ್ಟಿದ್ದೆ. ಇಪ್ಪತ್ತು ಸಲ ಚಿಮ್ಮಿದ ಮೇಲೆ ಇದರ ಗುಣ ನನಗೆ ಗೊತ್ತಾಯ್ತು, ಉಳಿದದ್ದನ್ನ ಗುಣ ನೋಡಿ ತುಂಬಿಸಿದೆ. ಅನುಭವಸ್ಥರು ಹಾಗೇ ಮಾಡೋದು.

ಆದರೂ ನಿಮ್ಮ ಮಾತು ಸುಳ್ಳು ಮಾಡಬೇಕು ಅಂತ ಹೋದ ಭಾನುವಾರ ಇನ್ನೂರಕ್ಕೆ ಇನ್ನೂರೂ ಚಿಮ್ಮಿದೆ. ನನ್ನವಳು ಬರೆದುಕೊಂಡಳು. ನೂರರ ಹತ್ತಿರ ಇದ್ದಾಗ ಟೇಲು ಬೀಳೋಕೆ ಶುರುವಾಯ್ತು. ನಾಲ್ಕಾಯ್ತು. ಐದಾಯ್ತು. "ಈಗ ನೋಡು, ಹೆಡ್ಡಿನ ಸರದಿ" ಅಂತ ನಾಣ್ಯಕ್ಕೆ ಉಫ್ ಅಂತ ಊದಿ ಚಿಮ್ಮಿದೆ. ಆರನೇದೂ ಟೇಲು. ನನ್ನವಳು ಪೆನ್ಸಿಲು ಕೆಳಗಿಟ್ಟು, "ನಿಮ್ಮ ಸರದಿ ಇವತ್ತು ರಜಾ ಹಾಕಿದೆಯಾ?" ಅಂದಳು. ಏಳನೇದೂ ಟೇಲೇ. ನಾಣ್ಯ ಕೆಟ್ಟಿರಬೇಕು ಅಂತ ನನಗೆ ಅನುಮಾನ. ಹಾಳೆ ಇದರ ಜೊತೆಗಿದೆ. ಇದನ್ನೂ ತೋರಿಸಿ ನಗಿಸಿ.

ಒಂದು ಮಾತು ಕೇಳ್ತೀನಿ. ಅವಳು ಕೂಡೋದು ಕಳೆಯೋದು ನಿಮ್ಮ ಹತ್ತಿರ ಕಲಿತಳಾ? ಮಗ್ಗಿ ನಿಮ್ಮ ಹತ್ತಿರ ಕಲಿತಳಾ? ಜ್ವರದಲ್ಲಿ ಮಲಗಿದ್ದಾಗ ಹೆಂಚು ಎಣಿಸೋದನ್ನ, ಒಂದು ಸಾಲು ಎಣಿಸಿ ಸಾಲುಗಳಿಂದ ಗುಣಿಸೋದನ್ನ, ನೀವು ಬಂದು ಹೇಳಿಕೊಟ್ಟಿರಾ? ಗಾರೆ ಒಣಗಿದ ಮೇಲೆ ಬಂದು ಬಣ್ಣ ಬಳಿಯೋದು ಸುಲಭ ಮೇಡಂ. ನೋಡೋರು ಬಣ್ಣವನ್ನೇ ಹೊಗಳ್ತಾರೆ. ಅವಳು ಪಾಸಾದರೆ ನಿಮ್ಮಿಂದ, ನಪಾಸಾದರೆ ನನ್ನಿಂದ. ಇದು ಯಾವ ಸೀಮೆಯ ಸಂಭವನೀಯತೆ, ನೀವೇ ಹೇಳಿ.

ಇತಿ,
ಅವಳ ಮಾವ

ಜುಲೈ ೧೮

ಮಾನ್ಯರೇ,

ನಿಮ್ಮ ಎರಡನೆಯ ಹಾಳೆ ತಲುಪಿತು. ಅದು ಅಸಲಿ. ನಿಮ್ಮ ನಾಣ್ಯ ಕೆಟ್ಟಿಲ್ಲ. ಅದಕ್ಕೆ ನೆನಪಿಲ್ಲ, ಅಷ್ಟೇ. ಹಿಂದಿನ ಆರು ಸಲ ಏನು ಬಿತ್ತು ಎಂಬುದು ಅದಕ್ಕೆ ತಿಳಿಯದು. ಹಾಗಾಗಿ ತೀರಿಸಬೇಕಾದ ಸರದಿಯೂ ಇಲ್ಲ.

ನೀವು ಕೇಳಿದ್ದಕ್ಕೆ ಉತ್ತರ: ಇಲ್ಲ, ಅವಳು ಅವನ್ನು ನನ್ನಲ್ಲಿ ಕಲಿಯಲಿಲ್ಲ. ಯಾವ ಲೆಕ್ಕ ಕೊಟ್ಟರೂ ಬಿಡಿಸುವ ಮೊದಲೇ "ಸುಮಾರು ಇಷ್ಟು ಬರಬೇಕು" ಎನ್ನುತ್ತಾಳೆ. ಕಂಪ್ಯೂಟರಿನಲ್ಲಿ ಸೂತ್ರ ತಪ್ಪಾಗಿ ಒತ್ತಿದಾಗ ಉಳಿದವರು ಪರದೆಯ ಮೇಲೆ ಬಂದದ್ದನ್ನು ನಂಬಿ ಬರೆದುಕೊಳ್ಳುತ್ತಾರೆ. ಅವಳು ಮಾತ್ರ "ಇಷ್ಟು ಬರೋಕೆ ಸಾಧ್ಯವೇ ಇಲ್ಲ" ಎಂದು ತಡೆಯುತ್ತಾಳೆ. ಅದನ್ನು ನಾನು ಯಾರಿಗೂ ಕಲಿಸಲು ಆಗಿಲ್ಲ. ಅದು ನಿಮ್ಮ ಮನೆಯ ಮೆಟ್ಟಿಲಿನದು ಎಂದು ಅವಳೇ ಹೇಳಿದಳು.

ಆದರೆ ನಿಮಗೊಂದು ವಿಷಯ ತಿಳಿದಿರಬೇಕು. ಸಂಭವನೀಯತೆಯ ಲೆಕ್ಕ ಬಂದಾಗೆಲ್ಲ ಅವಳು ಮೊದಲು ಸರಿಯಾದ ಉತ್ತರ ಬರೆಯುತ್ತಾಳೆ. ಒಂದು ಕ್ಷಣ ಕಿಟಕಿ ನೋಡುತ್ತಾಳೆ. ಆಮೇಲೆ ಅದನ್ನು ಹೊಡೆದು ಹಾಕಿ ನಿಮ್ಮದನ್ನು ಬರೆಯುತ್ತಾಳೆ. ನಿಮ್ಮ ಹಾಳೆ ನೋಡಿ ನಾವೆಲ್ಲ ನಕ್ಕ ದಿನದಿಂದ ಇದು ಹೆಚ್ಚಾಗಿದೆ. ಅದು ನನ್ನ ತಪ್ಪು, ಎಲ್ಲರೆದುರು ತೋರಿಸಬಾರದಿತ್ತು. ಗೊತ್ತಿಲ್ಲದವರಿಗೆ ನಾನು ಕಲಿಸಬಲ್ಲೆ. ಗೊತ್ತಿದ್ದೂ ಹೊಡೆದು ಹಾಕುವವರಿಗೆ ಏನು ಮಾಡಲಿ? ಪ್ರಶ್ನೆಪತ್ರಿಕೆಯಲ್ಲಿ ಕಾಲು ಭಾಗ ಸಂಭವನೀಯತೆಯೇ ಇರುತ್ತದೆ. ಹೀಗೇ ಆದರೆ ಈ ಸಲವೂ ಹೋಗುತ್ತದೆ, ಇನ್ನೊಂದು ಸಲ ಇಲ್ಲ.

ಇದನ್ನು ಬರೆಯುವಾಗ ನನಗೂ ಸ್ವಲ್ಪ ಹೊಟ್ಟೆ ಉರಿಯುತ್ತಿದೆ ಎಂದು ಒಪ್ಪುತ್ತೇನೆ. ಇಷ್ಟು ವರ್ಷ ಪಾಠ ಮಾಡಿದ್ದೇನೆ. ನನಗಾಗಿ ಸರಿಯುತ್ತರ ಹೊಡೆದು ಹಾಕುವಷ್ಟು ಪ್ರೀತಿ ಯಾವ ವಿದ್ಯಾರ್ಥಿಗೂ ಬಂದಿಲ್ಲ.

ವಿಶ್ವಾಸವಿರಲಿ,
ಮರುಪಾಠದ ಶಿಕ್ಷಕಿ

ಜುಲೈ ೨೫

ಚಿಟಿಕೆ,

ಲೆಕ್ಕ ಕಳಿಸಬೇಡ ಅಂದಿದ್ದೆ. ಕಳಿಸ್ತಿಲ್ಲ. ಕೊಟ್ಟದ್ದನ್ನ ವಾಪಸ್ಸು ಕೇಳ್ತಿದ್ದೀನಿ.

ಸರದಿಯ ನಿಯಮ ಇದೆಯಲ್ಲ, ಅದು ನನ್ನದು. ನಾನು ಕಂಡುಹಿಡಿದದ್ದು, ನಿನಗೆ ಕೈಗಡ ಕೊಟ್ಟಿದ್ದು. ಈಗ ನನಗೆ ಬೇಕು. ಇವತ್ತಿನಿಂದ ಅದನ್ನ ನೀನು ಯಾವ ಪರೀಕ್ಷೆಯ ಕೋಣೆಗೂ ತಗೊಂಡು ಹೋಗೋ ಹಾಗಿಲ್ಲ. ನನ್ನ ಅಪ್ಪಣೆ ಇಲ್ಲದೆ ಬಳಸಿದೆ ಅಂತ ತಿಳಿದರೆ ನಮ್ಮಿಬ್ಬರಿಗೂ ಮಾತು ಬಂದ್. ಹಾಗೇ ಆ ಏರಿ ಇಳಿಯೋ ಶೇಕಡಾ ಲೆಕ್ಕವನ್ನೂ ಕಟ್ಟಿ ಕಳಿಸಿಬಿಡು. ಆ ನಾಲ್ಕು ಬಾಟಲಿ ಏನಾದವು ಅಂತ ಕಾರ್ಖಾನೆಯಲ್ಲಿ ಊಟದ ಹೊತ್ತಿನಲ್ಲಿ ಕೂತು ಬಿಡಿಸಿದೆ. ಯಾರೂ ಹೊತ್ತುಕೊಂಡು ಹೋಗಿಲ್ಲ, ಆ ಇಳಿಯೋ ಇಪ್ಪತ್ನಾಲ್ಕರೊಳಗೇ ಸಿಕ್ಕವು.

ಹೆಂಚು ಎಣಿಸೋದು ನಿನ್ನ ಹತ್ತಿರವೇ ಇರಲಿ. "ಸುಮಾರು ಇಷ್ಟು ಬರಬೇಕು" ಅನ್ನೋದೂ ಇರಲಿ. ಅವೆರಡೂ ಮುರುಕಲ್ಲ.

ಇನ್ನೊಂದು. ನೀನು ಏನಾದರೂ ಬರೆದು, ಕಿಟಕಿ ಕಡೆ ನೋಡಿ, ಆಮೇಲೆ ಹೊಡೆದು ಹಾಕೋದು ಇದೆಯಂತೆ. ಯಾರು ಹೇಳಿದರು ಅಂತ ಕೇಳಬೇಡ. ನಾನು ಆ ಕಿಟಕಿಯಲ್ಲಿ ಇಲ್ಲ ಚಿಟಿಕೆ. ನಾನು ಇಲ್ಲೇ ದೀಪದ ಮುಂದೆ ಕೂತು ಬಾಟಲಿ ನೋಡ್ತಿದ್ದೀನಿ. ನೀನು ಅಲ್ಲಿ ಮೇಡಂ ಹೇಳಿದ್ದನ್ನ ಬರೆದರೆ ಇಲ್ಲಿ ನನಗೆ ಮೂಗು ಉದುರಿಹೋಗಲ್ಲ. ಬರೆದದ್ದು ಬರೆದ ಹಾಗೇ ಬಿಡು. ಹೊಡೆದು ಹಾಕಲೇಬೇಕು ಅನ್ನಿಸಿದರೆ ನಾನು ಹೇಳಿದ್ದನ್ನ ಹೊಡೆದು ಹಾಕು. ಒಂದೇ ಗೀಟು, ಗಟ್ಟಿಯಾಗಿ.

ಇಷ್ಟು ಬರೆಯೋಕೆ ಮೂರು ಹಾಳೆ ಹರಿದೆ. ಮೊದಲನೇದರಲ್ಲಿ ಮೇಡಂ ಬಗ್ಗೆ ಬಹಳ ಇತ್ತು. ನಿನ್ನ ಅತ್ತೆ ಓದಿ, "ಇದು ಹುಡುಗಿಗೆ ಧೈರ್ಯ ಹೇಳೋ ಕಾಗದವಾ, ನಿಮ್ಮ ಸಂಕಟದ ಪಟ್ಟಿಯಾ?" ಅಂದಳು. ಹರಿದೆ.

ಫ್ಯಾನು ಕಿರುಗುಟ್ಟಿದರೆ ಬೇರೆ ಜಾಗ ಕೇಳು.

ಮಾವ

ಆಗಸ್ಟ್ ೨೯

ಮಾವ,

ಪಾಸು!

ಅಮ್ಮ ಫೋನಿನಲ್ಲಿ ಹೇಳಿರ್ತಾಳೆ, ಆದರೂ ನಾನೇ ಬರೀಬೇಕಿತ್ತು. ಫ್ಯಾನು ಸುಮ್ಮನಿತ್ತು. ಸಂಭವನೀಯತೆಯ ಲೆಕ್ಕ ಬಂತು, ಉತ್ತರ ಬರೆದ ಮೇಲೆ ಪೆನ್ನು ತಾನಾಗಿಯೇ ನಿಂತಿತು. ಕಿಟಕಿ ನೋಡಿದೆ. ಹೊರಗೆ ಒಬ್ಬಳು ಬಟ್ಟೆ ಒಣಹಾಕ್ತಿದ್ದಳು, ಅಷ್ಟೇ. ಮುಂದಿನ ಪ್ರಶ್ನೆಗೆ ಹೋದೆ.

ಈಗ ಜಗಳ. ನನಗೆ ಗೊತ್ತಿಲ್ಲದ ಹಾಗೆ ನೀನು ಮೇಡಂಗೆ ಕಾಗದ ಬರೆದಿದ್ದೀಯ! ಸೋಮವಾರ ವಿದಾಯ ಹೇಳೋಕೆ ಹೋದಾಗ ಅವರ ಮೇಜಿನ ಮೇಲೆ ನಿನ್ನ ಅಕ್ಷರ ಕಂಡೆ. ಒಂದಲ್ಲ, ನಾಲ್ಕು ಲಕೋಟೆ. ಪರೀಕ್ಷೆ ಮುಗಿದ ಮೇಲೂ ಬರೀತಿದ್ದೀಯ. "ನಿಮ್ಮ ಮಾವ ಬಾಟಲಿ ಲೆಕ್ಕ ಕಳಿಸ್ತಾರೆ, ಚೆನ್ನಾಗಿದೆ, ಒಂದು ಅಚ್ಚು ಕೆಟ್ಟರೆ ಒಡಕು ಗುಂಪಾಗಿ ಬರುತ್ತಂತೆ" ಅಂತ ಅವರು ನಗ್ತಾ ಹೇಳಿದರು. ಅವರು ನನ್ನ ಮೇಡಂ ಅಲ್ಲವಾ? ನೀನು ನನ್ನ ಮಾವ ಅಲ್ಲವಾ? ನನ್ನನ್ನ ಬಿಟ್ಟು ನಿಮಗಿಬ್ಬರಿಗೆ ಏನು ಅಷ್ಟು ಮಾತು? ಪರೀಕ್ಷೆ ಆದ ಮೇಲೆ ನನಗೆ ಎರಡೇ ಎರಡು ಸಾಲಿನ ಕಾಗದ, ಅವರಿಗೆ ನಾಲ್ಕು ಲಕೋಟೆ.

ಇನ್ನೊಂದು ವಿಷಯ ಹೇಳದೆ ಮುಚ್ಚಿಡೋಕೆ ಮನಸ್ಸಿಲ್ಲ. ತರಬೇತಿಗೆ ಸೇರಿಸಿಕೊಳ್ಳುವಾಗ ಅಲ್ಲಿನ ಗುಮಾಸ್ತರು, "ಗಣಿತ ಯಾರ ಹತ್ತಿರ ಕಲಿತದ್ದು?" ಅಂದರು. ನಾನು ತಡವರಿಸಿದೆ. "ಒಂದು ಹೆಸರು ಹೇಳಮ್ಮ, ಹಿಂದೆ ಸಾಲು ನಿಂತಿದೆ" ಅಂದರು. ಮೇಡಂ ಹೆಸರು ಹೇಳಿದೆ ಮಾವ. ನಿನ್ನದು ಹೇಳಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ನಿಂತಿದ್ದೆ, ಒಳಗೆ ಹೋಗಿ ಬದಲಾಯಿಸಲಾ ಅಂತ. ಬದಲಾಯಿಸಲಿಲ್ಲ.

ನಿನ್ನ,
ಚಿಟಿಕೆ

ಸೆಪ್ಟೆಂಬರ್ ೪

ಲ್ಯಾಬಿನ ಚಿಟಿಕೆಗೆ,

ಪಾಸಾದ ಸುದ್ದಿ ನಿನ್ನಮ್ಮನಿಂದ ತಿಳಿದಿತ್ತು. "ಆ ಮೇಡಂ ಕೈಗುಣ" ಅಂದಳು. ನಾನು ಹೂಂ ಅಂದೆ. ಅದೇ ಹೂಂ, ನೀನು ಫೋನಿನಲ್ಲಿ ಅಂತೀಯಲ್ಲ. ಕಾರ್ಖಾನೆಯಲ್ಲಿ ಮಾತ್ರ ನನ್ನ ಕೈಗುಣ ಅಂತಲೇ ಹೇಳಿದ್ದೀನಿ. ಮ್ಯಾನೇಜರು ತಲೆ ಅಲ್ಲಾಡಿಸಿದರು.

ನಾಲ್ಕು ಲಕೋಟೆಗೆ ಅಷ್ಟು ಉರಿಯಾ? ಒಳ್ಳೇದಾಯ್ತು. ಮೂರು ತಿಂಗಳು ನಾನು ಇದೇ ಬೆಂಕಿಯಲ್ಲಿ ಕೂತಿದ್ದೆ, ನೀರು ಕೊಡೋರಿರಲಿಲ್ಲ. ನಿನ್ನ ಮೇಡಂ ಬಗ್ಗೆ ಹೇಳೋದಾದರೆ, ಹೆಂಗಸು ಪರವಾಗಿಲ್ಲ. ತಪ್ಪು ಹುಡುಕೋದರಲ್ಲಿ ನನಗಿಂತ ಒಂದು ಕೂದಲು ಕಮ್ಮಿ.

ಗುಮಾಸ್ತರ ವಿಷಯ. ಒಂದೇ ಹೆಸರಿಗೆ ಜಾಗ ಇದ್ದರೆ ನೀನು ಹೇಳಿದ್ದೇ ಸರಿ. ನಾನಾಗಿದ್ದರೆ ನನ್ನ ಹೆಸರನ್ನೇ ಹೇಳ್ತಿದ್ದೆ, ಅದು ಬೇರೆ ಮಾತು. ಓದಿದ ರಾತ್ರಿ ಊಟ ಸೇರಲಿಲ್ಲ ಅಂತ ನಿನ್ನ ಅತ್ತೆ ಬರಿ ಅಂತಿದ್ದಾಳೆ. ನಾನು ಬರೆಯಲ್ಲ.

ನಿನ್ನಿಂದ ಒಂದು ಕೆಲಸ ಆಗಬೇಕು. ಅಲ್ಲಿ ಯಾರೋ ಹೊಸಬರು ಪಾಠ ಮಾಡ್ತಿರ್ತಾರಲ್ಲ, ಸೂಕ್ಷ್ಮದರ್ಶಕ ಹೇಗೆ ಹಿಡೀತಾರೆ, ಹೇಗೆ ನಗ್ತಾರೆ, ಅದೆಲ್ಲ ಹಾಡಿ ಹೊಗಳಿ ಉದ್ದಕ್ಕೆ ಒಂದು ಕಾಗದ ಬರಿ. ನನಗಲ್ಲ. ಮೇಡಂಗೆ ಬರಿ.

ಅವರಿಗೂ ಗೊತ್ತಾಗಲಿ.

ಮಾವ